ಬಡ ದೇಶಗಳ ಸಾಲ: ಬಿಡುವವರು ಯಾರು, ಕಾಯುವವರು ಯಾರು?

ದೇಶಗಳ ಸಾಲ ಮನ್ನಾ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಥರ ಇದ್ದವನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಸೊಮಾಲಿಯಾದ 450 ಕೋಟಿ ಡಾಲರ್ ಸಾಲ ಮನ್ನಾ ಆಯಿತು ಅಂತ ಓದಿದೆ. ಇಡೀ ದೇಶದ ಸಾಲ ಮನ್ನಾ ಮಾಡುವ ಅಧಿಕಾರ ಯಾರ ಕೈಯಲ್ಲಿದೆ ಸರ್? ಆ ದುಡ್ಡು ಕೊನೆಗೆ ಯಾರ ಜೇಬಿನಿಂದ ಹೋಗುತ್ತದೆ?

ಒಬ್ಬರ ಕೈಯಲ್ಲಿಲ್ಲ. ಕಷ್ಟ ಇರುವುದೇ ಅಲ್ಲಿ. ಕಂಪನಿ ದಿವಾಳಿಯಾದರೆ ಅದಕ್ಕೊಂದು ಕಾನೂನು ಇದೆ, ಕೋರ್ಟ್ ಇದೆ. ದೇಶ ದಿವಾಳಿಯಾದರೆ ಅಂಥ ಕೋರ್ಟೇ ಇಲ್ಲ. ಸಾಲ ಕೊಟ್ಟವರ ಬಾಗಿಲನ್ನು ಒಂದೊಂದಾಗಿ ತಟ್ಟಬೇಕು. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್‌ನಂಥ ಸಂಸ್ಥೆಗಳದು ಒಂದು ಬಾಗಿಲು. ಸಾಲ ಕೊಟ್ಟ ಸರ್ಕಾರಗಳದು ಇನ್ನೊಂದು. ಬಾಂಡ್ (ಸಾಲಪತ್ರ) ಕೊಂಡ ಹೂಡಿಕೆದಾರರು, ಬ್ಯಾಂಕುಗಳು, ತೈಲ ವ್ಯಾಪಾರಿಗಳದು ಮತ್ತೊಂದು.

ಸೊಮಾಲಿಯಾದ ಸಾಲ ಬಿಟ್ಟಿದ್ದು ಎಚ್‌ಐಪಿಸಿ ಎಂಬ ಯೋಜನೆಯಲ್ಲಿ. ‘ಭಾರಿ ಸಾಲದ ಬಡ ದೇಶಗಳು’ ಎಂದು ಅದರ ಅರ್ಥ. ಐಎಂಎಫ್ ಮತ್ತು ವಿಶ್ವಬ್ಯಾಂಕ್ ಸೇರಿ 1996ರಲ್ಲಿ ಇದನ್ನು ಶುರುಮಾಡಿದವು. ಮೊದಲು ನಿಯಮಗಳು ಬಹಳ ಬಿಗಿಯಾಗಿದ್ದವು. ಚರ್ಚುಗಳು, ಕಾರ್ಮಿಕ ಸಂಘಗಳು, ಸಾಮಾನ್ಯ ಜನ ಸೇರಿ ‘ಜುಬಿಲಿ 2000’ ಎಂಬ ಚಳವಳಿ ಕಟ್ಟಿದರು. ಅದರ ಒತ್ತಡ ಜೋರಾದಾಗ 1999ರ ಕಲೋನ್ ಜಿ8 (ಎಂಟು ದೊಡ್ಡ ದೇಶಗಳ ಕೂಟ) ಸಭೆಯಲ್ಲಿ ನಿಯಮ ಸಡಿಲಿಸಲು ಒಪ್ಪಿದರು. 2005ರಲ್ಲಿ ಅದೇ ಜಿ8ರ ಗ್ಲೆನ್‌ಈಗಲ್ಸ್ ಸಭೆ ಇನ್ನೂ ಮುಂದೆ ಹೋಯಿತು. ಎಚ್‌ಐಪಿಸಿ ದಾಟಿದ ದೇಶಗಳು ಐಎಂಎಫ್‌ಗೆ, ವಿಶ್ವಬ್ಯಾಂಕಿನಲ್ಲಿ ಬಡ ದೇಶಗಳಿಗೆ ಅಗ್ಗದ ಸಾಲ ಕೊಡುವ ವಿಭಾಗವಾದ ಐಡಿಎಗೆ, ಆಫ್ರಿಕಾದ ಅಭಿವೃದ್ಧಿ ನಿಧಿಗೆ ಕೊಡಬೇಕಿದ್ದ ಹಳೆ ಸಾಲವನ್ನು ಪೂರ್ತಿ ಬಿಡುವುದು ಎಂದಾಯಿತು.

ಇದರಲ್ಲಿ ಎರಡು ಮೆಟ್ಟಿಲಿವೆ. ಡಿಸಿಷನ್ ಪಾಯಿಂಟ್ ಮುಟ್ಟಿದರೆ ಸ್ವಲ್ಪ ಉಸಿರಾಡಲು ಬಿಡುತ್ತಾರೆ. ಅವರು ಹೇಳಿದ ಸುಧಾರಣೆಗಳನ್ನೆಲ್ಲ ಮಾಡಿ ಕಂಪ್ಲೀಷನ್ ಪಾಯಿಂಟ್ ಮುಟ್ಟಿದರೆ ಸಾಲ ಶಾಶ್ವತವಾಗಿ ಹೋಗುತ್ತದೆ. ಸೊಮಾಲಿಯಾ ಮೊದಲ ಮೆಟ್ಟಿಲು ಹತ್ತಿದ್ದು ಮಾರ್ಚ್ 2020ರಲ್ಲಿ, ಕೊನೆಯದು ಡಿಸೆಂಬರ್ 2023ರಲ್ಲಿ. 2018ರಲ್ಲಿ ಜಿಡಿಪಿಯ ಶೇ 64ರಷ್ಟಿದ್ದ ಅದರ ಸಾಲ ಶೇ 6ಕ್ಕಿಂತ ಕೆಳಗಿಳಿಯಿತು.

ಇಲ್ಲೊಂದು ತಮಾಷೆ ಇದೆ. ಹಳೆ ಬಾಕಿ ತೀರಿಸದೆ ಮನ್ನಾದ ಮಾತೇ ಎತ್ತುವಂತಿಲ್ಲ. ಅಂತರ್ಯುದ್ಧದಲ್ಲಿ ಬೆಂದ ದೇಶದ ಬಳಿ ಕಾಸೆಲ್ಲಿ? ಆಗ ನಾರ್ವೆ ಕೈಗಡ ಕೊಟ್ಟಿತು. ಆ ದುಡ್ಡಲ್ಲಿ ವಿಶ್ವಬ್ಯಾಂಕಿನ ಬಾಕಿ ತೀರಿತು. ಬಾಕಿ ತೀರಿದ ಕಾರಣ ವಿಶ್ವಬ್ಯಾಂಕ್ ಹೊಸ ನೆರವು ಕೊಟ್ಟಿತು. ಆ ನೆರವಿನಿಂದ ನಾರ್ವೆಯ ಕೈಗಡ ವಾಪಸ್ ಹೋಯಿತು. ಕಾಗದದ ಮೇಲೆ ಎಲ್ಲವೂ ಸರಿಯಾಯಿತು!

ಇನ್ನು ಯಾರ ಜೇಬು ಅನ್ನುವುದು. ಸಂಸ್ಥೆಗಳ ಪಾಲನ್ನು ಬಹುಮಟ್ಟಿಗೆ ಶ್ರೀಮಂತ ಸದಸ್ಯ ದೇಶಗಳು ತುಂಬಿಕೊಡುತ್ತವೆ. ಐಎಂಎಫ್ 1999–2000ರಲ್ಲಿ ತನ್ನ ಚಿನ್ನದ ಒಂದು ಭಾಗದ ವಹಿವಾಟು ಮಾಡಿ ಅದರ ಲಾಭವನ್ನೂ ಇದಕ್ಕೆ ಹಾಕಿತು. ಸರ್ಕಾರಗಳು ತಮ್ಮ ಪಾಲನ್ನು ಲೆಕ್ಕದ ಪುಸ್ತಕದಿಂದ ಹೊಡೆದು ಹಾಕುತ್ತವೆ. ಅದರಲ್ಲಿ ಎಷ್ಟೋ ಹಣ ಹೇಗೂ ಬರುತ್ತಿರಲಿಲ್ಲ ಎಂಬುದನ್ನು ಮರೆಯಬೇಡಿ. ಬರದ ಸಾಲವನ್ನು ಬಿಟ್ಟು ದಾನ ಮಾಡಿದೆ ಅನ್ನುವುದು ಸುಲಭ.

ಪ್ರಶ್ನೆ: ಒಮ್ಮೆ ಮನ್ನಾ ಮಾಡಿದ ಮೇಲೂ ಈ ದೇಶಗಳು ಮತ್ತೆ ಸಾಲದಲ್ಲಿ ಮುಳುಗುತ್ತವೆ. ಹಾಗಾದರೆ ಮನ್ನಾ ಮಾಡುವುದೇ ತಪ್ಪಲ್ವಾ? ಅಭ್ಯಾಸ ಕೆಡಿಸಿದ ಹಾಗೆ ಆಗುವುದಿಲ್ವಾ?

ಈ ಪ್ರಶ್ನೆ ಅತಿ ಜಾಸ್ತಿ ಜನ ಕೇಳಿದ್ದು. ಸುಮ್ನೆ ತಳ್ಳಿಹಾಕುವ ಪ್ರಶ್ನೆಯೂ ಅಲ್ಲ. ಜಾಂಬಿಯಾದ ಕತೆಯನ್ನೇ ನೋಡೋಣ, ಯಾಕೆಂದರೆ ಮನ್ನಾ ಬೇಡ ಅನ್ನುವವರೂ ಬೇಕು ಅನ್ನುವವರೂ ಅದನ್ನೇ ಉದಾಹರಣೆ ಕೊಡುತ್ತಾರೆ.

2005–06ರ ಮನ್ನಾದಲ್ಲಿ ಜಾಂಬಿಯಾದ ವಿದೇಶಿ ಸಾಲ ಸುಮಾರು 700 ಕೋಟಿ ಡಾಲರಿನಿಂದ ಸುಮಾರು 50 ಕೋಟಿಗೆ ಇಳಿಯಿತು. ಏಪ್ರಿಲ್ 2006ರಲ್ಲಿ ಸರ್ಕಾರ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕ ತೆಗೆದುಹಾಕಿತು. ದುಡ್ಡಿಲ್ಲ ಎಂದು ಜ್ವರದ ಮಗುವನ್ನು ಮನೆಯಲ್ಲೇ ಮಲಗಿಸಿಕೊಂಡಿದ್ದ ತಾಯಿ ಆಸ್ಪತ್ರೆಗೆ ಬರುವ ಹಾಗಾಯಿತು. ಮನ್ನಾದಿಂದ ಏನು ಸಿಕ್ಕಿತು ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನು.

ಆಮೇಲೆ? ಲೆಕ್ಕ ಚೊಕ್ಕಟವಾಗಿದ್ದ ದೇಶಕ್ಕೆ ಸಾಲ ಕೊಡಲು ಪೈಪೋಟಿ ಶುರುವಾಯಿತು. 2012ರಲ್ಲಿ ಜಾಂಬಿಯಾ 75 ಕೋಟಿ ಡಾಲರಿನ ಬಾಂಡ್ ಮಾರಿತು, ಬಡ್ಡಿ ಶೇ 5.375. ಕೊಳ್ಳಲು ಅದರ ಹತ್ತು ಪಟ್ಟಿಗೂ ಜಾಸ್ತಿ ಹಣ ಸಾಲುಗಟ್ಟಿ ನಿಂತಿತ್ತು. 2014ರಲ್ಲಿ ಇನ್ನೂ 100 ಕೋಟಿ, ಬಡ್ಡಿ ಶೇ 8.5. 2015ರಲ್ಲಿ 125 ಕೋಟಿ, ಬಡ್ಡಿ ಶೇ 8.97. ಇದರ ಜೊತೆಗೆ ರಸ್ತೆ, ವಿಮಾನ ನಿಲ್ದಾಣ, ವಿದ್ಯುತ್ ಯೋಜನೆ ಎಂದು ಚೀನಾದ ಸಾಲ. ದೇಶದ ಸಂಪಾದನೆ ನಿಂತಿರುವುದು ತಾಮ್ರದ ಮೇಲೆ. ತಾಮ್ರದ ಬೆಲೆ ಬಿತ್ತು. ಅಲ್ಲಿನ ಹಣವಾದ ಕ್ವಾಚಾದ ಬೆಲೆಯೂ ಬಿತ್ತು. ಡಾಲರ್ ಸಾಲ ಅಷ್ಟೇ ಇದ್ದರೂ ಅದನ್ನು ತೀರಿಸಲು ಬೇಕಾದ ಕ್ವಾಚಾ ಏರುತ್ತಾ ಹೋಯಿತು. ಕೊನೆಗೆ ನವೆಂಬರ್ 2020ರಲ್ಲಿ 4.25 ಕೋಟಿ ಡಾಲರಿನ ಒಂದು ಬಡ್ಡಿ ಕಂತು ಕಟ್ಟಲಾಗದೆ ಸುಸ್ತಿಯಾಯಿತು.

ಸರ್ಕಾರ ಕೈಬಿಚ್ಚಿ ಖರ್ಚು ಮಾಡಿತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಶೇ 9ರ ಹತ್ತಿರದ ಬಡ್ಡಿ ಕೇಳಿದವರಿಗೆ ಅಪಾಯ ಗೊತ್ತಿರಲಿಲ್ಲವೇ? ಗೊತ್ತಿದ್ದಕ್ಕೇ ಅಷ್ಟು ಬಡ್ಡಿ ಹಾಕಿದ್ದು. ಅಪಾಯದ ಬೆಲೆಯನ್ನು ಮೊದಲೇ ವಸೂಲಿ ಮಾಡಿ, ಅಪಾಯ ಬಂದಾಗ ನನ್ನ ಪೂರ್ತಿ ಹಣ ಕೊಡಿ ಅಂದರೆ ಹೇಗೆ? ಅಭ್ಯಾಸ ಕೆಡುವುದು ಎರಡೂ ಕಡೆ. ನಾವು ಒಂದೇ ಕಡೆಯದನ್ನು ಮಾತಾಡುತ್ತೇವೆ.

ಮನ್ನಾದಿಂದ ಅಭ್ಯಾಸ ಕೆಡಲೇಬೇಕು ಎಂದೇನಿಲ್ಲ ಎಂಬುದಕ್ಕೆ ಹಳೆಯ ಉದಾಹರಣೆಯೂ ಇದೆ, ಅದು ಬಡ ದೇಶದ್ದಲ್ಲ. 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಸಾಲದಲ್ಲಿ ಹೆಚ್ಚುಕಡಿಮೆ ಅರ್ಧ ಬಿಟ್ಟರು. ಉಳಿದದ್ದನ್ನೂ ರಫ್ತಿನ ಸಂಪಾದನೆಯಿಂದ ನಿಧಾನವಾಗಿ ತೀರಿಸುವ ಹಾಗೆ ಮಾಡಿದರು. ಆ ದೇಶ ಆಮೇಲೆ ಏನಾಯಿತು ಎಂದು ನಾನು ಹೇಳಬೇಕಿಲ್ಲ.

ಪ್ರಶ್ನೆ: ಸಾಲ ಮುಂದೂಡುವುದು, ಮರುಹೊಂದಾಣಿಕೆ, ಮನ್ನಾ ಎಲ್ಲ ಒಂದೇನಾ? ಸುದ್ದಿಯಲ್ಲಿ ಎಲ್ಲವನ್ನೂ ‘ಸಾಲ ಪರಿಹಾರ’ ಅಂತಲೇ ಬರೆಯುತ್ತಾರೆ.

ಒಂದೇ ಅಲ್ಲ. ಕೋವಿಡ್ ಬಂದಾಗ ಜಿ20 ದೇಶಗಳು ಮೇ 2020ರಿಂದ ಡಿಸೆಂಬರ್ 2021ರವರೆಗೆ ಕಂತು ನಿಲ್ಲಿಸುವ ಯೋಜನೆ ತಂದವು. ಅರ್ಹತೆ ಇದ್ದ 73 ದೇಶಗಳಲ್ಲಿ 48 ಅದನ್ನು ಬಳಸಿದವು. ಸುಮಾರು 1,290 ಕೋಟಿ ಡಾಲರ್ ಕಂತು ಮುಂದೆ ಹೋಯಿತು. ಮುಂದೆ ಹೋಯಿತು ಅಷ್ಟೇ, ಒಂದು ಡಾಲರೂ ಕಡಿಮೆಯಾಗಲಿಲ್ಲ. ಬಾಂಡ್ ಇಟ್ಟುಕೊಂಡ ಖಾಸಗಿಯವರನ್ನೂ ಸೇರಿ ಎಂದು ಕರೆದರು. ಅವರು ಬಹುತೇಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುಹೊಂದಾಣಿಕೆಯಲ್ಲಿ ಮೂರನ್ನು ಹಿಡಿದು ಎಳೆಯಬಹುದು: ಅಸಲು, ಬಡ್ಡಿ, ವಾಯಿದೆ. ಜೂನ್ 2023ರಲ್ಲಿ ಜಾಂಬಿಯಾಕ್ಕೆ ಸಾಲ ಕೊಟ್ಟ ಸರ್ಕಾರಗಳು 630 ಕೋಟಿ ಡಾಲರಿನ ಮೇಲೆ ಮಾಡಿಕೊಂಡ ಒಪ್ಪಂದದಲ್ಲಿ ಅಸಲನ್ನು ಮುಟ್ಟಲಿಲ್ಲ. ವಾಯಿದೆಯನ್ನು 2043ಕ್ಕೆ ಎಳೆದರು, 2037ರವರೆಗೆ ಬಡ್ಡಿ ಶೇ 1ಕ್ಕೆ ಇಳಿಸಿದರು. ಇದು ಪರಿಹಾರ ಹೇಗಾಯಿತು? ಇವತ್ತಿನ 100 ಡಾಲರಿಗೂ 20 ವರ್ಷ ಬಿಟ್ಟು ಬರುವ 100 ಡಾಲರಿಗೂ ಒಂದೇ ಬೆಲೆಯಲ್ಲ. ಐಎಂಎಫ್ ಬಡ ದೇಶಗಳಿಗೆ ಬಳಸುವ ಶೇ 5ರ ಲೆಕ್ಕದಲ್ಲಿ, 20 ವರ್ಷದ ನಂತರದ 100 ಡಾಲರ್ ಅಂದರೆ ಇವತ್ತಿನ ಸುಮಾರು 38 ಡಾಲರ್. ಆ ಲೆಕ್ಕದಲ್ಲಿ ದೊಡ್ಡ ರಿಯಾಯಿತಿಯೇ. ಆರ್ಥಿಕತೆ ಚೇತರಿಸಿಕೊಂಡರೆ ಬಡ್ಡಿ ಏರುತ್ತದೆ ಎಂಬ ಷರತ್ತೂ ಅದರಲ್ಲಿದೆ. ಹಾಗಾಗಿ ‘ಇಷ್ಟು ಕೋಟಿ ಪರಿಹಾರ’ ಎಂಬ ತಲೆಬರಹ ಕಂಡರೆ, ಮೂರರಲ್ಲಿ ಯಾವುದನ್ನು ಎಳೆದಿದ್ದಾರೆ ಎಂದು ಹುಡುಕಿ.

ಪ್ರಶ್ನೆ: ನವೆಂಬರ್ 2020ರಲ್ಲಿ ಸುಸ್ತಿಯಾದ ಜಾಂಬಿಯಾಕ್ಕೆ ಒಪ್ಪಂದ ಸಿಗಲು ಅಷ್ಟು ವರ್ಷ ಯಾಕೆ ಬೇಕಾಯಿತು? ಚೀನಾ ಅಡ್ಡಿ ಮಾಡಿತು ಅನ್ನುತ್ತಾರೆ, ಹೌದಾ?

ಒಂದು ಮಟ್ಟಿಗೆ ಹೌದು, ಆದರೆ ಅದೊಂದೇ ಕಾರಣವಲ್ಲ. ಮೊದಲು ಸರ್ಕಾರಗಳ ಸಾಲದ ಮಾತುಕತೆ ನಡೆಯುತ್ತಿದ್ದದ್ದು 1956ರಿಂದ ಇರುವ ಪ್ಯಾರಿಸ್ ಕ್ಲಬ್‌ನಲ್ಲಿ. ಹೆಚ್ಚಾಗಿ ಪಶ್ಚಿಮದ ಶ್ರೀಮಂತ ದೇಶಗಳ ಕೂಟ ಅದು. ಚೀನಾ ಅದರ ಸದಸ್ಯನಲ್ಲ, ಭಾರತವೂ ಅಲ್ಲ. ಜಾಂಬಿಯಾದ ಆ 630 ಕೋಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಚೀನಾ ಸರ್ಕಾರದ ಎಕ್ಸಿಮ್ ಬ್ಯಾಂಕಿನದು. ಹಳೆ ಕೂಟ ಒಂದೇ ಕೂತು ಏನು ತೀರ್ಮಾನ ಮಾಡಿದರೂ ಅರ್ಧ ಸಾಲ ಹೊರಗೇ ಉಳಿಯುತ್ತದೆ. ಅದಕ್ಕೇ ನವೆಂಬರ್ 2020ರಲ್ಲಿ ಜಿ20 ‘ಕಾಮನ್ ಫ್ರೇಮ್‌ವರ್ಕ್’ ಎಂಬ ಹೊಸ ವ್ಯವಸ್ಥೆ ಮಾಡಿತು. ಚೀನಾವೂ ಪ್ಯಾರಿಸ್ ಕ್ಲಬ್ಬೂ ಒಂದೇ ಮೇಜಿಗೆ ಬಂದವು.

ಮೇಜಿಗೆ ಬಂದದ್ದು ಸರಿ. ಆದರೆ ಯಾರ ಸಾಲವನ್ನು ಸರ್ಕಾರದ ಸಾಲ ಎನ್ನಬೇಕು, ವಿಶ್ವಬ್ಯಾಂಕ್ ಯಾಕೆ ತನ್ನ ಪಾಲು ಬಿಡುವುದಿಲ್ಲ, ಮೊದಲು ಯಾರು ಎಷ್ಟು ಬಿಡಬೇಕು ಎಂಬ ಜಗಳದಲ್ಲಿ ತಿಂಗಳುಗಳು ಹೋದವು. ಇನ್ನೊಂದು ನಿಯಮವೂ ಇದೆ: ಸಾಲ ಕೊಟ್ಟವರೆಲ್ಲರೂ ಸರಿಸಮ ರಿಯಾಯಿತಿ ಕೊಡಬೇಕು. ನ್ಯಾಯವಾದ ನಿಯಮವೇ. ನವೆಂಬರ್ 2023ರಲ್ಲಿ ಜಾಂಬಿಯಾ ಬಾಂಡ್‌ದಾರರ ಜೊತೆ ಒಂದು ಒಪ್ಪಂದಕ್ಕೆ ಬಂದಾಗ, ಅವರು ಬಿಟ್ಟದ್ದು ನಮ್ಮಷ್ಟಿಲ್ಲ ಎಂದು ಸರ್ಕಾರಗಳ ಸಮಿತಿ ತಿರಸ್ಕರಿಸಿತು. ಮತ್ತೆ ಮೊದಲಿನಿಂದ. ಬಾಂಡ್ ಬದಲಾವಣೆ ಮುಗಿದದ್ದು ಜೂನ್ 2024ರಲ್ಲಿ. ಮೂರೂವರೆ ವರ್ಷ! ಅಷ್ಟು ದಿನ ಹೊಸ ಹೂಡಿಕೆ ಬರುವುದಿಲ್ಲ, ಹಳೆ ಬಡ್ಡಿ ಬೆಳೆಯುತ್ತದೆ.

ಇಥಿಯೋಪಿಯಾ 2021ರ ಆರಂಭದಲ್ಲೇ ಅರ್ಜಿ ಹಾಕಿತ್ತು. ಆಗಲೇ ಶುರುವಾಗಿದ್ದ ಅಂತರ್ಯುದ್ಧವೂ ಅಡ್ಡ ಬಂತು. ಸರ್ಕಾರಗಳ ಜೊತೆ ತಾತ್ವಿಕ ಒಪ್ಪಂದವಾದದ್ದು ಮಾರ್ಚ್ 2025ರಲ್ಲಿ. ಘಾನಾಕ್ಕೆ ಇಷ್ಟು ಕಾಯಬೇಕಾಗಲಿಲ್ಲ. ಡಿಸೆಂಬರ್ 2022ರಲ್ಲಿ ಕಂತು ನಿಲ್ಲಿಸಿದ ದೇಶಕ್ಕೆ ಜನವರಿ 2024ರಲ್ಲಿ ಸರ್ಕಾರಗಳ ಒಪ್ಪಿಗೆ ಸಿಕ್ಕಿತು, ಅದೇ ಅಕ್ಟೋಬರ್‌ನಲ್ಲಿ ಸುಮಾರು 1,300 ಕೋಟಿ ಡಾಲರಿನ ಬಾಂಡ್‌ಗಳೂ ಇತ್ಯರ್ಥವಾದವು. ಮೊದಲು ಹೋದವರು ದಾರಿ ಸವೆಸಿದ್ದರು.

ಪ್ರಶ್ನೆ: ಶ್ರೀಲಂಕಾ ಈ ಫ್ರೇಮ್‌ವರ್ಕಿನಲ್ಲಿ ಯಾಕೆ ಇರಲಿಲ್ಲ?

ಫ್ರೇಮ್‌ವರ್ಕ್ ಇರುವುದು ಕೋವಿಡ್ ಕಾಲದಲ್ಲಿ ಕಂತು ನಿಲ್ಲಿಸಲು ಅರ್ಹವಾಗಿದ್ದ ಆ 73 ದೇಶಗಳಿಗೆ ಮಾತ್ರ. ಶ್ರೀಲಂಕಾ ಮಧ್ಯಮ ಆದಾಯದ ದೇಶ, ಆ ಪಟ್ಟಿಯಲ್ಲಿರಲಿಲ್ಲ. ಏಪ್ರಿಲ್ 2022ರಲ್ಲಿ ಸುಸ್ತಿಯಾದಾಗ ಭಾರತ, ಜಪಾನ್, ಫ್ರಾನ್ಸ್ ಮುಂದಾಳತ್ವದಲ್ಲಿ ಬೇರೆಯೇ ಸಮಿತಿ ಮಾಡಬೇಕಾಯಿತು. ಚೀನಾದ ಎಕ್ಸಿಮ್ ಬ್ಯಾಂಕ್ ಪ್ರತ್ಯೇಕವಾಗಿ ಮಾತಾಡಿಕೊಂಡಿತು. ಸಮಿತಿಯ ಒಪ್ಪಂದ ಜೂನ್ 2024ರಲ್ಲಿ ಆಯಿತು.

ಪ್ರಶ್ನೆ: ಬಡ ದೇಶದ ಹಳೆ ಸಾಲಪತ್ರವನ್ನು ಕಮ್ಮಿ ಬೆಲೆಗೆ ಕೊಂಡು ಕೋರ್ಟಿಗೆ ಹೋಗುವ ಕಂಪನಿಗಳಿವೆಯಂತೆ. ನಿಜವೇ?

ನಿಜ. ಅವುಗಳಿಗೆ ‘ರಣಹದ್ದು ನಿಧಿ’ ಎಂದೇ ಹೆಸರು. ಮತ್ತೆ ಜಾಂಬಿಯಾಕ್ಕೇ ಹೋಗಬೇಕು, ಪಾಪ. 1979ರಲ್ಲಿ ಅದು ಟ್ರ್ಯಾಕ್ಟರುಗಳಿಗಾಗಿ ರೊಮೇನಿಯಾದಿಂದ ಸಾಲ ಪಡೆದಿತ್ತು. ಬಾಕಿ ಸುಮಾರು 3 ಕೋಟಿ ಡಾಲರಿಗೆ ಏರಿದ್ದಾಗ, 1999ರಲ್ಲಿ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಆ ಸಾಲವನ್ನು ಸುಮಾರು 33 ಲಕ್ಷ ಡಾಲರಿಗೆ ಕೊಂಡಿತು. ಆಮೇಲೆ ಬಡ್ಡಿ, ದಂಡ ಎಲ್ಲ ಸೇರಿಸಿ ಸುಮಾರು 5.5 ಕೋಟಿ ಡಾಲರ್ ಕೊಡಿ ಎಂದು ಲಂಡನ್ ಕೋರ್ಟಿಗೆ ಹೋಯಿತು. 2007ರಲ್ಲಿ ಕೋರ್ಟ್ ಅಷ್ಟು ಕೊಡಿಸಲಿಲ್ಲ, ಆದರೂ ಸುಮಾರು 1.5 ಕೋಟಿ ಕೊಡಿಸಿತು. ಹಾಕಿದ ದುಡ್ಡಿನ ನಾಲ್ಕು ಪಟ್ಟಿಗೂ ಜಾಸ್ತಿ. ಉಳಿದವರೆಲ್ಲ ಸಾಲ ಬಿಟ್ಟ ಹೊತ್ತಲ್ಲೇ ಇದು ನಡೆದದ್ದು. ಅಂದರೆ ಬೇರೆಯವರು ಬಿಟ್ಟ ಹಣದ ಒಂದು ಪಾಲು ಇವರ ಕೈಗೆ ಹೋಯಿತು.

ಈ ಪ್ರಕರಣದಿಂದ ಎದ್ದ ಸಿಟ್ಟು ಬ್ರಿಟನ್ನಿನ 2010ರ ಕಾಯಿದೆಗೆ ದಾರಿ ಮಾಡಿತು. ಎಚ್‌ಐಪಿಸಿ ದೇಶಗಳ ಹಳೆ ಸಾಲದ ಮೇಲೆ, ಆ ಯೋಜನೆ ಒಪ್ಪುವುದಕ್ಕಿಂತ ಜಾಸ್ತಿ ಹಣವನ್ನು ಅಲ್ಲಿನ ಕೋರ್ಟಿನಲ್ಲಿ ವಸೂಲಿ ಮಾಡುವಂತಿಲ್ಲ. ಬೆಲ್ಜಿಯಂ ಕೂಡ ಇಂಥ ಕಾನೂನು ತಂದಿದೆ. ಬ್ರಿಟನ್ನಿನ ಕಾಯಿದೆ ಹಳೆ ಸಾಲಕ್ಕೆ ಮಾತ್ರ. ಆಮೇಲೆ ಮಾರಿದ ಬಾಂಡ್‌ಗಳಿಗೆ ಈ ರಕ್ಷಣೆ ಇಲ್ಲ.

ಪ್ರಶ್ನೆ: ನಿಮಗೆ ಅಧಿಕಾರ ಕೊಟ್ಟರೆ ಏನು ಬದಲಿಸುತ್ತೀರಿ?

ಯಾರೂ ಕೊಡುವುದಿಲ್ಲ, ಆದರೂ ಹೇಳುತ್ತೇನೆ. ಅರ್ಜಿ ಹಾಕಿದ ದಿನದಿಂದ ಒಪ್ಪಂದವಾಗುವವರೆಗೆ ಎಲ್ಲರಿಗೂ ಕಟ್ಟಬೇಕಾದ ಕಂತು ತಾನಾಗಿ ನಿಲ್ಲಬೇಕು, ಖಾಸಗಿಯವರದ್ದೂ ಸೇರಿ. ಈಗ ತಡವಾದರೆ ನಷ್ಟ ಸಾಲ ಪಡೆದವರಿಗೆ ಮಾತ್ರ. ಕೊಟ್ಟವರಿಗೂ ತಡವಾದಷ್ಟು ಬಿಸಿ ತಟ್ಟಿದರೆ ಮಾತುಕತೆ ತಾನಾಗಿ ಬೇಗ ಮುಗಿಯುತ್ತದೆ. ಖಾಸಗಿಯವರು ಹೆದರಿ ಮುಂದೆ ಬಡ್ಡಿ ಏರಿಸುತ್ತಾರೆ ಎಂಬ ಆಕ್ಷೇಪ ಇದೆ. ಏರಿಸಲಿ. ಶೇ 5ಕ್ಕೆ ಸುಲಭವಾಗಿ ಸಿಕ್ಕ ಸಾಲ ಜಾಂಬಿಯಾಕ್ಕೆ ಒಳ್ಳೆಯದನ್ನೇನೂ ಮಾಡಲಿಲ್ಲ.

ಎರಡನೆಯದು, ಗುಟ್ಟಿನ ಸಾಲ ನಿಲ್ಲಬೇಕು. ಮೊಜಾಂಬಿಕ್‌ನಲ್ಲಿ 2013–14ರಲ್ಲಿ ಮೂರು ಸರ್ಕಾರಿ ಕಂಪನಿಗಳು ಟ್ಯೂನಾ ಮೀನು ಹಿಡಿಯುವ ದೋಣಿ, ಕರಾವಳಿ ಕಾವಲು ಎಂದು ಸುಮಾರು 200 ಕೋಟಿ ಡಾಲರ್ ಸಾಲ ಎತ್ತಿದವು. ಸರ್ಕಾರ ಜಾಮೀನು ನಿಂತಿತ್ತು, ಸಂಸತ್ತನ್ನು ಕೇಳಿರಲಿಲ್ಲ. ಅದರಲ್ಲಿ ದೊಡ್ಡ ಪಾಲು 2016ರಲ್ಲಿ ಹೊರಬಿತ್ತು. ಐಎಂಎಫ್ ಮತ್ತು ನೆರವು ಕೊಡುತ್ತಿದ್ದ ದೇಶಗಳು ಬಜೆಟ್‌ಗೆ ಹಣ ಹಾಕುವುದನ್ನು ನಿಲ್ಲಿಸಿದವು. ಸಂಸತ್ತಿನ ಒಪ್ಪಿಗೆ ಇಲ್ಲದ, ಬಹಿರಂಗವಾಗಿ ದಾಖಲಾಗದ ಸಾಲವನ್ನು ಯಾವ ಕೋರ್ಟಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಲಂಡನ್ ಮತ್ತು ನ್ಯೂಯಾರ್ಕ್ ಕಾನೂನು ಮಾಡಿದರೆ ಸಾಕು, ಗುಟ್ಟಾಗಿ ಕೊಡುವ ಬ್ಯಾಂಕೇ ಹಿಂದೆ ಸರಿಯುತ್ತದೆ. ಬಡ ದೇಶಗಳ ಬಾಂಡ್‌ಗಳು ಬಹುತೇಕ ಈ ಎರಡು ಊರಿನ ಕಾನೂನಿನ ಕೆಳಗೇ ಇವೆ. ಹಾಗಾಗಿ ಈ ಕೆಲಸಕ್ಕೆ ಜಿ20ಯ ಎಲ್ಲರ ಒಪ್ಪಿಗೆಗಾಗಿ ಕಾಯಬೇಕಿಲ್ಲ, ಎರಡು ಶಾಸನಸಭೆಗಳು ಮನಸ್ಸು ಮಾಡಬೇಕು.