ಜಪಾನೀಸ್ ಮೆದುಳು ಜ್ವರ ಸಮುದಾಯದಲ್ಲಿ ಎಷ್ಟಿದೆ ಎಂದು ಅಂದಾಜಿಸುವುದು ಹೇಗೆ?

ಜಿಲ್ಲಾ ವರದಿಯೊಂದರಲ್ಲಿ ಇಡೀ ವರ್ಷಕ್ಕೆ ಬೆರಳೆಣಿಕೆಯ ಪ್ರಕರಣಗಳನ್ನು ಕಂಡ ನೀವು, ಜಗತ್ತಿನಲ್ಲಿ ವರ್ಷಕ್ಕೆ 68,000 ಪ್ರಕರಣಗಳೆಂದು ಒಂದು ಕಡೆ, ಒಂದು ಲಕ್ಷವೆಂದು ಇನ್ನೊಂದು ಕಡೆ ಓದಿ, ಇವುಗಳಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ರೋಗ ಕಣ್ಗಾವಲಿನ ದಾಖಲೆಗಳನ್ನು ಪರಿಶೀಲಿಸುವ ಕೆಲಸದಲ್ಲಿ ಕೆಲವು ವರ್ಷ ಇದ್ದವನಾಗಿ ಹೇಳುವುದಾದರೆ, ಜಿಲ್ಲಾ ವರದಿಯಲ್ಲಿರುವುದು ಎಣಿಕೆ, ಉಳಿದೆರಡು ಲೆಕ್ಕಾಚಾರ. ಎಣಿಕೆಯಿಂದ ಯಾರು ಬಿಟ್ಟುಹೋಗಿದ್ದಾರೆ ಎಂಬುದು ತಿಳಿಯದೆ ಲೆಕ್ಕಾಚಾರ ಆರಂಭವಾಗುವುದೇ ಇಲ್ಲ.

‘ಎಷ್ಟಿದೆ’ ಎಂಬ ಪ್ರಶ್ನೆಯನ್ನೇ ಮೊದಲು ಎರಡಾಗಿ ಒಡೆದುಕೊಳ್ಳಬೇಕು. ಸೊಳ್ಳೆ ಕಚ್ಚಿ ಈ ರೋಗದ ವೈರಾಣು ದೇಹವನ್ನು ಹೊಕ್ಕವರು ಬೇರೆ, ಮೆದುಳು ಜ್ವರದಿಂದ ಮಲಗಿದವರು ಬೇರೆ. ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಸುಮಾರು 250 ಸೋಂಕುಗಳಿಗೆ ಒಂದು ಗಂಭೀರ ಪ್ರಕರಣ ಎಂಬುದು ಸಾಮಾನ್ಯವಾಗಿ ಬಳಸುವ ಅನುಪಾತ. ಆದರೆ ಬೇರೆ ಬೇರೆ ಅಧ್ಯಯನಗಳಲ್ಲಿ ಈ ಅನುಪಾತ 25ಕ್ಕೆ ಒಂದರಿಂದ 1,000ಕ್ಕೆ ಒಂದರವರೆಗೆ ಹರಡಿಕೊಂಡಿದೆ ಎಂಬುದನ್ನು ಮರೆಯಬಾರದು. ಮೆದುಳಿಗೆ ತಗುಲಿದವರ ಪಾಡು ಮಾತ್ರ ಕಠಿಣ: ಅವರಲ್ಲಿ ಶೇಕಡ 20ರಿಂದ 30ರಷ್ಟು ಮಂದಿ ಸಾಯುತ್ತಾರೆ, ಬದುಕಿದವರಲ್ಲಿ ಶೇಕಡ 30ರಿಂದ 50ರಷ್ಟು ಮಂದಿಗೆ ನರಮಂಡಲದ ತೊಂದರೆ ಶಾಶ್ವತವಾಗಿ ಉಳಿಯುತ್ತದೆ. ಹೀಗೆ ಕೆಲವೇ ದಿನಗಳಲ್ಲಿ ತೀವ್ರಗೊಳ್ಳುವ ಕಾಯಿಲೆಯಾದ್ದರಿಂದ, ಇಂದು ಎಷ್ಟು ಜನರಲ್ಲಿ ರೋಗವಿದೆ ಎಂದು ಕೇಳುವುದಕ್ಕಿಂತ ವರ್ಷಕ್ಕೆ ಲಕ್ಷ ಜನರಲ್ಲಿ ಎಷ್ಟು ಹೊಸ ಪ್ರಕರಣಗಳು ಬಂದವು ಎಂದು ಕೇಳುವುದು ಸರಿಯಾದ ಕ್ರಮ.

ಎಣಿಕೆ ಆಸ್ಪತ್ರೆಯಿಂದ ಶುರುವಾಗುತ್ತದೆ. ಇದ್ದಕ್ಕಿದ್ದಂತೆ ಜ್ವರ ಬಂದು, ಜೊತೆಗೆ ಪ್ರಜ್ಞೆಯಲ್ಲಿ ಏರುಪೇರು ಅಥವಾ ಹೊಸದಾಗಿ ಫಿಟ್ಸ್ ಕಾಣಿಸಿಕೊಂಡರೆ ಆ ರೋಗಿಯನ್ನು ಎಇಎಸ್ (ಅಕ್ಯೂಟ್ ಎನ್ಸೆಫಲೈಟಿಸ್ ಸಿಂಡ್ರೋಮ್, ಅಂದರೆ ತೀವ್ರ ಮೆದುಳು ಜ್ವರದ ಲಕ್ಷಣಕೂಟ) ಎಂಬ ಪಟ್ಟಿಗೆ ಸೇರಿಸುತ್ತಾರೆ. ಇದು ಲಕ್ಷಣಗಳ ಹೆಸರೇ ಹೊರತು ಒಂದು ರೋಗದ ಹೆಸರಲ್ಲ. ಹರ್ಪಿಸ್, ಸ್ಕ್ರಬ್ ಟೈಫಸ್, ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಹೀಗೆ ಹಲವು ಕಾರಣಗಳು ಈ ಬುಟ್ಟಿಯಲ್ಲಿರುತ್ತವೆ. 1998-99ರಲ್ಲಿ ಮಲೇಷ್ಯಾದ ಹಂದಿ ಸಾಕಣೆ ಪ್ರದೇಶಗಳಲ್ಲಿ ಮೆದುಳು ಜ್ವರ ಕಾಣಿಸಿಕೊಂಡಾಗ ಅದನ್ನು ಮೊದಲಿಗೆ ಜಪಾನೀಸ್ ಮೆದುಳು ಜ್ವರವೆಂದೇ ಭಾವಿಸಿ ಸೊಳ್ಳೆ ನಿಯಂತ್ರಣ ನಡೆಸಲಾಯಿತು. ಕೊನೆಗೆ ಅದು ಅದುವರೆಗೆ ಯಾರೂ ಕಾಣದಿದ್ದ ನಿಪಾ ವೈರಾಣು ಎಂದು ತಿಳಿಯಿತು. ಲಕ್ಷಣಗಳನ್ನಷ್ಟೇ ನೋಡಿ ಲೆಕ್ಕ ಹಾಕುವವರು ಈ ಘಟನೆಯನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಖಚಿತಪಡಿಸಿಕೊಳ್ಳಲು ಬೆನ್ನುಹುರಿಯ ದ್ರವವನ್ನು ತೆಗೆದು ಅದರಲ್ಲಿ ಐಜಿಎಂ ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ದೇಹ ಮೊದಲಿಗೆ ತಯಾರಿಸುವ ರಕ್ಷಕ ಪ್ರೋಟೀನುಗಳನ್ನು, ಹುಡುಕಬೇಕು. ವೈರಾಣುವನ್ನೇ ಹಿಡಿಯುವುದು ಕಷ್ಟ, ಏಕೆಂದರೆ ಮನುಷ್ಯನ ರಕ್ತದಲ್ಲಿ ಅದು ಬಹಳ ಕಡಿಮೆ ಪ್ರಮಾಣದಲ್ಲಿ, ಅಲ್ಪಕಾಲ ಮಾತ್ರ ಇರುತ್ತದೆ. ಪ್ರತಿಕಾಯವಾದರೂ ಬೆನ್ನುಹುರಿ ದ್ರವದಲ್ಲಿ ಸಾಮಾನ್ಯವಾಗಿ ನಾಲ್ಕನೇ ದಿನದ ಹೊತ್ತಿಗೆ, ರಕ್ತಸಾರದಲ್ಲಿ ಏಳನೇ ದಿನದ ಹೊತ್ತಿಗೆ ಸಿಗುತ್ತದೆ. ಎರಡನೇ ದಿನ ಮಾದರಿ ತೆಗೆದು ಇಲ್ಲವೆಂದು ಬರೆದರೆ ನಿಜವಾದ ಪ್ರಕರಣವೊಂದು ಕೈತಪ್ಪುತ್ತದೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಡೆಂಗಿ ಮತ್ತು ವೆಸ್ಟ್ ನೈಲ್ ವೈರಾಣುಗಳು ಇದೇ ಕುಟುಂಬದವಾದ್ದರಿಂದ ಅವುಗಳ ಪ್ರತಿಕಾಯವನ್ನು ಪರೀಕ್ಷೆ ಇದರದೆಂದು ತಿಳಿದುಬಿಡಬಹುದು, ಇತ್ತೀಚೆಗೆ ಲಸಿಕೆ ಪಡೆದ ಮಗುವಿನ ರಕ್ತವೂ ‘ಇದೆ’ ಎನ್ನಬಹುದು. ರಕ್ತಕ್ಕಿಂತ ಬೆನ್ನುಹುರಿ ದ್ರವದ ಫಲಿತಾಂಶಕ್ಕೆ ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ.

ಕಲ್ಪಿತ ಅಂಕಿಗಳಿಂದ ಒಂದು ಲೆಕ್ಕ ಮಾಡಿ ನೋಡೋಣ. 10 ಲಕ್ಷ ಮಕ್ಕಳಿರುವ ಪ್ರದೇಶದಲ್ಲಿ ವರ್ಷಕ್ಕೆ 60 ಮಕ್ಕಳು ಎಇಎಸ್ ಪಟ್ಟಿಗೆ ಸೇರಿದರು. 30 ಮಕ್ಕಳ ದ್ರವ ಪರೀಕ್ಷೆಯಾಯಿತು. 6 ಮಕ್ಕಳಲ್ಲಿ ರೋಗ ಖಚಿತವಾಯಿತು. ವರದಿಯಲ್ಲಿ 6 ಎಂದಿರುತ್ತದೆ. ಪರೀಕ್ಷೆಯಾಗದ 30 ಮಕ್ಕಳಲ್ಲೂ ಐದರಲ್ಲಿ ಒಂದರಂತೆ ರೋಗವಿತ್ತು ಎಂದುಕೊಂಡರೆ ಒಟ್ಟು 12, ಅಂದರೆ ಲಕ್ಷಕ್ಕೆ 1.2; ಆ ಒಟ್ಟು 12ನ್ನು 250ರಿಂದ ಗುಣಿಸಿದರೆ ಸುಮಾರು 3,000 ಸೋಂಕುಗಳು. ಆದರೆ ಈ ‘ಎಂದುಕೊಂಡರೆ’ ಎಂಬುದರಲ್ಲೇ ಎಲ್ಲ ತೊಡಕೂ ಇದೆ. ದ್ರವ ತೆಗೆಯುವ ಮೊದಲೇ ತೀರಿಕೊಂಡ ಮಕ್ಕಳಲ್ಲಿ ಈ ರೋಗದ ಪಾಲು ಹೆಚ್ಚಿರಬಹುದು, ಬೇಗ ಚೇತರಿಸಿಕೊಂಡವರಲ್ಲಿ ಕಡಿಮೆಯಿರಬಹುದು, ಪಟ್ಟಿಗೆ ವರದಿ ಕಳಿಸದ ಆಸ್ಪತ್ರೆಗಳಿಗೆ ಹೋದವರು ಈ ಲೆಕ್ಕಕ್ಕೆ ಬಂದೇ ಇಲ್ಲ. ಆದ್ದರಿಂದ ಯಾವುದೇ ದಾಖಲೆ ಕೈಗೆ ಬಂದರೆ ನಾನು ಮೊದಲು ನೋಡುತ್ತಿದ್ದುದು ಖಚಿತವಾದ ಪ್ರಕರಣಗಳ ಕಾಲಮ್ಮನ್ನಲ್ಲ, ಎಷ್ಟು ಜನರ ಬೆನ್ನುಹುರಿ ದ್ರವ ತೆಗೆದಿದ್ದಾರೆ ಎಂಬುದನ್ನು.

ಆಸ್ಪತ್ರೆಯನ್ನು ಬಿಟ್ಟು ನೇರವಾಗಿ ಸಮುದಾಯದವರ ರಕ್ತವನ್ನೇ ಪರೀಕ್ಷಿಸಬಾರದೇ ಎಂದು ಕೇಳಬಹುದು. ಅದೂ ನಡೆಯುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ಈ ರೋಗ ಅನಿರೀಕ್ಷಿತವಾಗಿ ಕಾಣಿಸಿಕೊಂಡ ಮೇಲೆ ನ್ಯೂ ಸೌತ್ ವೇಲ್ಸ್‌ನ ಐದು ಪಟ್ಟಣಗಳಲ್ಲಿ ರಕ್ತ ಸಮೀಕ್ಷೆ ಮಾಡಿದಾಗ ಸುಮಾರು 11 ಜನರಲ್ಲಿ ಒಬ್ಬರಿಗೆ ಹಿಂದೆ ಸೋಂಕು ತಗುಲಿದ್ದ ಗುರುತು ಸಿಕ್ಕಿತು. ಲಸಿಕೆ ವ್ಯಾಪಕವಾಗಿರುವ ಕಡೆ ಈ ದಾರಿ ಇಷ್ಟು ಸುಲಭವಲ್ಲ, ಏಕೆಂದರೆ ಪ್ರತಿಕಾಯ ಬಂದದ್ದು ಸೊಳ್ಳೆಯಿಂದಲೋ ಸೂಜಿಯಿಂದಲೋ ಎಂದು ಬೇರ್ಪಡಿಸಬೇಕಾಗುತ್ತದೆ. ಜಪಾನಿನ ಸಂಶೋಧಕರು ಇದಕ್ಕೊಂದು ಜಾಣ ಉಪಾಯ ಕಂಡುಕೊಂಡರು: ನಿಷ್ಕ್ರಿಯ ವೈರಾಣುವಿನ ಲಸಿಕೆ ಪಡೆದವರಲ್ಲಿ ವೈರಾಣುವಿನ ಎನ್ಎಸ್1 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲವಾದ್ದರಿಂದ, ಅದು ಇದ್ದವರಿಗೆ ಸಹಜ ಸೋಂಕು ತಗುಲಿದೆ ಎಂದು ಲೆಕ್ಕ ಹಾಕಿದರು. ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ ಬಳಸುವ ಕಡೆ ಈ ಉಪಾಯ ನಡೆಯದು.

ನನ್ನ ದೃಷ್ಟಿಯಲ್ಲಿ ಹೆಚ್ಚು ಹೇಳುವ ಸುಳಿವು ರೋಗಿಗಳ ವಯಸ್ಸು. ಒಮ್ಮೆ ಸೋಂಕು ತಗುಲಿದವರಿಗೆ ರೋಗನಿರೋಧಕ ಶಕ್ತಿ ಉಳಿಯುತ್ತದೆ ಎಂಬುದನ್ನು ಆಧಾರವಾಗಿಟ್ಟುಕೊಳ್ಳಿ. ಇನ್ನೂ ಸೋಂಕು ತಗುಲದ ಮಕ್ಕಳಲ್ಲಿ ವರ್ಷಕ್ಕೆ ಶೇಕಡ 5ರಷ್ಟು ಮಂದಿಗೆ ಸೋಂಕು ತಗುಲುತ್ತಿದ್ದರೆ ಹತ್ತನೇ ವಯಸ್ಸಿಗೆ ನೂರರಲ್ಲಿ 40 ಮಂದಿಗೆ ಅದು ತಗುಲಿರುತ್ತದೆ; ಶೇಕಡ 20ರಂತೆ ತಗುಲುತ್ತಿದ್ದರೆ ಅದೇ ವಯಸ್ಸಿಗೆ 89 ಮಂದಿಗೆ. ಎರಡನೆಯ ಪ್ರದೇಶದಲ್ಲಿ ರೋಗಿಗಳು ಬಹುತೇಕ ಎಳೆಯ ಮಕ್ಕಳೇ ಆಗಿರುತ್ತಾರೆ, ಏಕೆಂದರೆ ದೊಡ್ಡವರಲ್ಲಿ ಸೋಂಕು ತಗುಲಲು ಬಾಕಿ ಉಳಿದವರೇ ಕಡಿಮೆ. ಅಂದರೆ ಎಲ್ಲ ಪ್ರಕರಣಗಳನ್ನೂ ಎಣಿಸಲಾಗದಿದ್ದರೂ, ಸಿಕ್ಕ ಪ್ರಕರಣಗಳ ವಯಸ್ಸಿನ ಹಂಚಿಕೆಯಿಂದಲೇ ಸೋಂಕಿನ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಅರ್ಧದಷ್ಟು ಪ್ರಕರಣಗಳು ಬಿಟ್ಟುಹೋಗಿದ್ದರೂ, ಎಲ್ಲ ವಯಸ್ಸಿನಲ್ಲೂ ಒಂದೇ ಪ್ರಮಾಣದಲ್ಲಿ ಬಿಟ್ಟುಹೋಗಿದ್ದರೆ ಹಂಚಿಕೆಯ ಆಕಾರ ಕೆಡುವುದಿಲ್ಲ. ಮಕ್ಕಳಿಗೆ ಲಸಿಕೆ ಹಾಕಿದ ಕಡೆ ಈ ಆಕಾರ ತಲೆಕೆಳಗಾಗುತ್ತದೆ ಎಂಬ ಎಚ್ಚರವಿರಬೇಕು. ದಕ್ಷಿಣ ಕೊರಿಯಾದಲ್ಲಿ ಈಗ ರೋಗಿಗಳಲ್ಲಿ ಹೆಚ್ಚಿನವರು 40 ದಾಟಿದವರು.

ನೀವು ಓದಿದ ಎರಡು ಜಾಗತಿಕ ಅಂಕಿಗಳು ಏಕೆ ಹೊಂದುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. 68,000 ಎಂಬುದು 2011ರಲ್ಲಿ ಪ್ರಕಟವಾದ ಅಂದಾಜು. ರೋಗವಿರುವ 24 ದೇಶಗಳನ್ನು ಗುಂಪುಗಳಾಗಿ ವಿಂಗಡಿಸಿ, ಉತ್ತಮ ಅಧ್ಯಯನಗಳಲ್ಲಿ ಸಿಕ್ಕ ದರವನ್ನು ಆಯಾ ಗುಂಪಿನ ಜನಸಂಖ್ಯೆಗೆ ಅನ್ವಯಿಸಿ ಅದನ್ನು ಪಡೆದರು. ವರದಿಯಾಗುವುದು ಇದರ ಹತ್ತನೇ ಒಂದು ಭಾಗದಷ್ಟು ಮಾತ್ರ ಎಂದೂ ಅದೇ ಅಂದಾಜು ಹೇಳಿತು. ಒಂದು ಲಕ್ಷ ಎಂಬುದು 2015ನೇ ವರ್ಷದ ಕುರಿತು 2020ರಲ್ಲಿ ಬಂದ ಅಂದಾಜು; ಅದು ಮೇಲೆ ಹೇಳಿದ ವಯಸ್ಸಿನ ದಾರಿಯಲ್ಲಿ ಸಾಗಿ, ಲಸಿಕೆಯ ಪರಿಣಾಮವನ್ನೂ ಸೇರಿಸಿಕೊಂಡಿತು. ಅದರ ಅನಿಶ್ಚಿತತೆಯ ವ್ಯಾಪ್ತಿ ಸುಮಾರು 62,000ದಿಂದ 1,57,000ದವರೆಗೆ ಇರುವುದರಿಂದ 68,000 ಎಂಬುದೂ ಅದರೊಳಗೇ ಬೀಳುತ್ತದೆ, ಹಾಗಾಗಿ ಇವೆರಡೂ ಪರಸ್ಪರ ವಿರುದ್ಧವೆಂದು ನಾನು ಹೇಳಲಾರೆ.

ಪ್ರಕರಣ ಕಡಿಮೆಯೆಂದರೆ ವೈರಾಣು ಕಡಿಮೆಯೆಂದು ಮಾತ್ರ ತೀರ್ಮಾನಿಸಬೇಡಿ. ವೈರಾಣು ಬದುಕುವುದು ಹಂದಿ ಮತ್ತು ಬೆಳ್ಳಕ್ಕಿ, ಬಕಗಳಂಥ ನೀರುಹಕ್ಕಿಗಳಲ್ಲಿ. ಅದನ್ನು ಹೊತ್ತು ತರುವುದು ಮುಖ್ಯವಾಗಿ ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು. ಮನುಷ್ಯನಿಂದ ಅದು ಮುಂದಕ್ಕೆ ಹರಡುವುದಿಲ್ಲವಾದ್ದರಿಂದ, ಎಷ್ಟೇ ಮಂದಿ ಲಸಿಕೆ ಪಡೆದಿದ್ದರೂ ಪಡೆಯದ ಮಗುವಿನ ಅಪಾಯ ಹಾಗೇ ಇರುತ್ತದೆ. ನಿಮ್ಮ ಜಿಲ್ಲಾ ವರದಿಯಲ್ಲಿ ಒಟ್ಟು ಎಇಎಸ್ ರೋಗಿಗಳು ಎಷ್ಟು, ದ್ರವ ಪರೀಕ್ಷೆಯಾದವರು ಎಷ್ಟು, ಖಚಿತವಾದವರ ವಯಸ್ಸೇನು ಎಂಬ ಮೂರು ವಿವರಗಳಿದ್ದರೆ ನೀವೇ ಮೇಲಿನ ಲೆಕ್ಕ ಹಾಕಬಹುದು. ಇಲ್ಲದಿದ್ದರೆ ಅಲ್ಲಿರುವ ಸಂಖ್ಯೆಯ ಮುಂದೆ ‘ಕನಿಷ್ಠ’ ಎಂದು ಬರೆದುಕೊಂಡು ಓದಿ.