ಜನವರಿಯಲ್ಲಿ ಹೂ ನೋಡಿ ಬೋಗನ್‌ವಿಲ್ಲಾ ತರಬೇಡಿ

ಮಕರ ಸಂಕ್ರಾಂತಿ ಕಳೆಯಿತೆಂದರೆ ಬೋಗನ್‌ವಿಲ್ಲಾದ ಪ್ರಶ್ನೆಗಳು ಶುರು. ರಸ್ತೆಬದಿಯ ನರ್ಸರಿಗಳೆಲ್ಲ ಆಗ ಬಣ್ಣವೋ ಬಣ್ಣ. ಜನ ಕಾರು ನಿಲ್ಲಿಸುತ್ತಾರೆ, ನಾಲ್ಕು ಗಿಡ ಡಿಕ್ಕಿಗೆ ಹಾಕುತ್ತಾರೆ. ಆಗಸ್ಟಿನಲ್ಲಿ ಅದೇ ಜನ ಕೊಳೆತ ಗಿಡದ ಫೋಟೋ ಕಳಿಸಿ "ಏನಾಯ್ತು ನೋಡಿ" ಅನ್ನುತ್ತಾರೆ. ಏನಾಯ್ತು ಅಂದರೆ ಮಳೆಗಾಲ ಆಯ್ತು! ಬಿಡಿ ಬಿಡಿಯಾಗಿ ಹೇಳಿ ಸಾಕಾಗಿದೆ, ಈ ಸಲ ಒಂದು ಪ್ರಶ್ನೆಗೆ ಉದ್ದಕ್ಕೆ ಬರೆಯುತ್ತೇನೆ. ಗುಂಡಿ ತೋಡುವುದು, ನೀರು ಹಾಕುವುದು ಹೇಗೆಂದು ಹೇಳುವುದಿಲ್ಲ. ಅಷ್ಟು ನಿಮಗೆ ಗೊತ್ತಿರಬೇಕು.

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ಹೊಸ ಮನೆ ಕಟ್ಟಿದ್ದೇವೆ. ಎದುರಿಗೆ ಕೆಂಪುಕಲ್ಲಿನ ಪಾಗಾರ (ಕಾಂಪೌಂಡು ಗೋಡೆ), ಒಂದು ಬದಿಗೆ ಅಡಕೆ ತೋಟ. ನಾಲ್ಕೈದು ಬಣ್ಣದ ಬೋಗನ್‌ವಿಲ್ಲಾ ಬೇಕು. ನರ್ಸರಿಯವರು ಥಾಯ್ಲೆಂಡಿನ ಜಾತಿ ತೋರಿಸಿ, 12 ತಿಂಗಳೂ ಹೂ ಬಿಡುತ್ತದೆ ಅಂದರು. ಯಾವುದು ತರಲಿ?

ಉತ್ತರ: ಮೊದಲು ಆ 12 ತಿಂಗಳ ಮಾತು. ಗಿಡ ಥಾಯ್ಲೆಂಡಿನದ್ದಿರಲಿ, ಇಲ್ಲೇ ಪೆರ್ಲದ್ದಿರಲಿ, ಜುಲೈ-ಆಗಸ್ಟಿನ ಆಟಿಯ ಮಳೆ ಎಲ್ಲದರ ತಲೆ ಮೇಲೂ ಒಂದೇ ತರ ಬೀಳುತ್ತದೆ. ನಮ್ಮಲ್ಲಿ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ ಸುರಿದುಬಿಡುತ್ತದೆ. ಬೋಗನ್‌ವಿಲ್ಲಾ ಬಿಸಿಲಿನ ಗಿಡ. ಬೇರಿನ ಬುಡ ಸ್ವಲ್ಪ ಒಣಗಬೇಕು, ಹಗಲು ಚಿಕ್ಕದಾಗಬೇಕು, ಮೇಲಿಂದ ಬಿಸಿಲು ಬೀಳಬೇಕು, ಆಗ ಮೈತುಂಬ ಹೂ. ನಮ್ಮೂರಲ್ಲಿ ಅದು ಡಿಸೆಂಬರಿನಿಂದ ಮೇ ತನಕ. ಉಳಿದ ಕಾಲದಲ್ಲಿ ಅದು ಸೊಪ್ಪಿನ ಗಿಡ, ಅಲ್ಲೊಂದು ಇಲ್ಲೊಂದು ಹೂ ಬಿಟ್ಟರೆ ನಿಮ್ಮ ಪುಣ್ಯ.

ಇನ್ನು ಆ ಅಡಕೆ ತೋಟ. ಅದರ ನೆರಳು ಪಾಗಾರದ ಎಷ್ಟು ಭಾಗಕ್ಕೆ ಎಷ್ಟು ಹೊತ್ತು ಬೀಳುತ್ತದೆ ಎಂದು ನೋಡಿದ್ದೀರಾ? ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಇಲ್ಲದ ಕಡೆ ಯಾವ ಜಾತಿ ನೆಟ್ಟರೂ ಉದ್ದುದ್ದ ಗೆಲ್ಲು ಮತ್ತು ಮುಳ್ಳು ಮಾತ್ರ ಸಿಗುತ್ತದೆ. ಆ ಭಾಗವನ್ನು ಬಿಟ್ಟುಬಿಡಿ. ಅಲ್ಲಿ ಬೇರೆ ಏನಾದರೂ ನೆಡಿ.

ಜಾತಿಗೆ ಬರುತ್ತೇನೆ. ಎಲ್ಲರೂ ಬಣ್ಣ ನೋಡಿ ಆರಿಸುತ್ತಾರೆ. ನಾನು ನೋಡುವುದು, ಮುದಿಯಾದ ಹೂವನ್ನು ಗಿಡ ಉದುರಿಸುತ್ತದೋ ಇಲ್ಲವೋ ಎಂದು. ನೀವು ಹೂ ಅಂತ ಕರೆಯುವ ಬಣ್ಣದ ಕಾಗದ ಹೂವಲ್ಲ, ಅದು ಎಲೆಯದ್ದೇ ಒಂದು ರೂಪ. ನಿಜವಾದ ಹೂ ಅದರ ನಡುವೆ ಸಣ್ಣ ಕೊಳವೆಯ ಹಾಗೆ ಬೆಳ್ಳಗೆ ಇರುತ್ತದೆ. ಸಾದಾ ಜಾತಿಗಳಲ್ಲಿ ಕಾಲ ಆದಮೇಲೆ ಇವೆಲ್ಲ ಒಟ್ಟಿಗೆ ಉದುರುತ್ತವೆ, ಅಂಗಳ ಗುಡಿಸಿದರೆ ಮುಗಿಯಿತು. ಬಣ್ಣದ ಕಾಗದ ಪದರ ಪದರವಾಗಿರುವ ಡಬಲ್ ಜಾತಿಗಳಲ್ಲಿ ಹಾಗಲ್ಲ. ಕೆಂಪು ಮಹಾರಾ, ಕಿತ್ತಳೆ ಬಣ್ಣದ ರೋಸ್‌ವಿಲ್ಸ್ ಡಿಲೈಟ್, ಬಿಳಿಗೆ ಗುಲಾಬಿ ಅಂಚಿನ ಚೆರ್ರಿ ಬ್ಲಾಸಮ್, ಈ ಗೊಂಚಲು ಗೊಂಚಲು ಹೂವಿನವು ಜನವರಿಯಲ್ಲಿ ನೋಡಲು ಸ್ವರ್ಗ. ಆದರೆ ಒಣಗಿದ ಗೊಂಚಲು ಬೀಳುವುದೇ ಇಲ್ಲ, ಕಂದು ಬಣ್ಣಕ್ಕೆ ತಿರುಗಿ ಗೆಲ್ಲಿಗೇ ಕಚ್ಚಿಕೊಂಡಿರುತ್ತದೆ. ಮೊದಲ ಮಳೆಗೆ ಅದು ಸ್ಪಂಜಿನ ಹಾಗೆ ನೀರು ಕುಡಿಯುತ್ತದೆ, ಭಾರಕ್ಕೆ ಗೆಲ್ಲು ಬಾಗುತ್ತದೆ, ಬೂಷ್ಟು ಹಿಡಿಯುತ್ತದೆ. ದೆಹಲಿಯಲ್ಲೋ ಬಳ್ಳಾರಿಯಲ್ಲೋ ಇದು ಒಳ್ಳೆ ಗಿಡ. ಇಲ್ಲಿ ಮೇ ಕೊನೆಯ ಪತ್ತನಾಜೆಯ ಮೊದಲು ಏಣಿ ಇಟ್ಟು ಒಂದೊಂದೇ ಗೊಂಚಲು ಕತ್ತರಿಸುವ ತಾಳ್ಮೆ ಇದ್ದರೆ ಮಾತ್ರ ತನ್ನಿ. ನನಗಿಲ್ಲ. ಎರಡು ಇತ್ತು, ತೆಗೆದು ಹಾಕಿದೆ.

ನಿಮ್ಮ ಪಾಗಾರಕ್ಕೆ ನಾನು ಹೇಳುವುದು ಗ್ಲಾಬ್ರ ಗುಂಪಿನ ನೇರಳೆ. ಹಳೆ ಶಾಲೆಗಳ ಗೇಟಿನ ಮೇಲೆ ನೋಡಿರುತ್ತೀರಿ, ಹೊಳೆಯುವ ಎಲೆ, ಸಣ್ಣ ಹೂ. "ಅಯ್ಯೋ, ಅದು ಮಾಮೂಲಿ" ಅನ್ನುತ್ತಾರೆ. ಹೌದು, ಬದುಕುತ್ತದೆ ಎಂಬ ಕಾರಣಕ್ಕೇ ಅದು ಮಾಮೂಲಿ ಆದದ್ದು. ಬೇರೆಯವಕ್ಕಿಂತ ಜಾಸ್ತಿ ಕಾಲ ಹೂ ಬಿಡುತ್ತದೆ, ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಎಲ್ಲಾದರೂ ಒಂದು ಗೊಂಚಲು ಕಾಣಿಸುತ್ತದೆ.

ಹಳದಿ, ಕಿತ್ತಳೆ ಬೇಕೇ ಬೇಕು ಅಂದರೆ ಸಾದಾ ಜಾತಿಯದ್ದು ತನ್ನಿ. ಹಳದಿಗೆ ಲೇಡಿ ಮೇರಿ ಬೇರಿಂಗ್, ಕಿತ್ತಳೆಗೆ ಲೂಯಿಸ್ ವಾಥೆನ್. ಪಾಗಾರದ ಅತಿ ಬಿಸಿಲಿನ, ನೀರು ಇಳಿದು ಹೋಗುವ ತುದಿ ಇವಕ್ಕೆ. ಒಂದು ಎಚ್ಚರಿಕೆ. ಈ ಕಿತ್ತಳೆ ಬಣ್ಣದವು ಹಳತಾದಂತೆ ಗುಲಾಬಿಗೆ ತಿರುಗುತ್ತವೆ, ಅದು ಅವುಗಳ ಗುಣ. ನರ್ಸರಿಯವನು ಮೋಸ ಮಾಡಿದ ಎಂದು ಜಗಳಕ್ಕೆ ಹೋಗಬೇಡಿ. ಬೇರೆ ವಿಷಯಕ್ಕೆ ಬೇಕಾದರೆ ಹೋಗಿ.

ಒಂದೇ ಗಿಡದಲ್ಲಿ ಎರಡು ಬಣ್ಣ ಬೇಕೆಂದರೆ ಮೇರಿ ಪಾಮರ್ ಇದೆ. ಕಸಿಯ ಆಟವಲ್ಲ ಅದು. 1949ರಲ್ಲಿ ಕೋಲ್ಕತ್ತಾದ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿಯ ತೋಟದಲ್ಲಿ ಮಿಸೆಸ್ ಎಚ್.ಸಿ. ಬಕ್ ಎಂಬ ಜಾತಿಯ ಒಂದು ಗೆಲ್ಲು ತಾನಾಗಿ ಬದಲಾಗಿ, ಬಿಳಿ ಮತ್ತು ಗುಲಾಬಿ-ನೇರಳೆ ಎರಡನ್ನೂ ಬಿಡತೊಡಗಿತು. ಒಳ್ಳೆ ಗಟ್ಟಿ ಗಿಡ. ಕೆಲವು ಸಲ ಒಂದು ಗೆಲ್ಲು ಪೂರ್ತಿ ಬಿಳಿ ಆಗಿಬಿಡುತ್ತದೆ, ಶುಭ್ರ ಎಂಬ ಬಿಳಿ ಜಾತಿ ಬಂದದ್ದು ಹಾಗೆಯೇ. ಮೇರಿ ಪಾಮರ್‌ಗೇ ಎಲೆಯಲ್ಲೂ ಹಳದಿ ಬಣ್ಣ ಸೇರಿದರೆ ತಿಮ್ಮ ಎಂಬ ಜಾತಿ. ಹೆಸರು ಕೇಳಿ ನಗಬೇಡಿ, ಚೆಂದದ ಗಿಡ. ಆದರೆ ಬಣ್ಣದೆಲೆಯ ಜಾತಿಗಳೆಲ್ಲ ಸ್ವಲ್ಪ ಮೆದು. ನಡುವೆ ಪೂರ್ತಿ ಹಸುರು ಗೆಲ್ಲು ಎದ್ದರೆ ಬುಡಕ್ಕೇ ಕತ್ತರಿಸಿ, ಇಲ್ಲದಿದ್ದರೆ ಅದೇ ಇಡೀ ಗಿಡವನ್ನು ನುಂಗುತ್ತದೆ.

ಒಂದೇ ಬುಡಕ್ಕೆ ಐದು ಬಣ್ಣ ಕಸಿ ಕಟ್ಟಿ ಮಾರುತ್ತಾರಲ್ಲ, ಆ ಗಿಡಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಐದರಲ್ಲಿ ಬಲವಾದ ಒಂದು ಉಳಿದ ನಾಲ್ಕನ್ನು ಹಿಂದೆ ಹಾಕುತ್ತದೆ. ಜೊತೆಗೆ ಬುಡದ ತಾಯಿಗಿಡವೂ ಚಿಗುರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ನಿಮ್ಮ ಬಳಿ ಇರುವುದು ಒಂದೇ ಬಣ್ಣ, ಅದೂ ನಿಮಗೆ ಬೇಡದ್ದು.

ಸ್ಪೆಕ್ಟಾಬಿಲಿಸ್ ಜಾತಿ ಯಾರಾದರೂ ಬಿಟ್ಟಿ ಕೊಟ್ಟರೂ ಮನೆ ಹತ್ತಿರ ಬೇಡ. ಅದು ತೆಂಗಿನ ಮರಕ್ಕೂ ಹತ್ತುತ್ತದೆ, ಹಂಚಿನ ಮಾಡಿನ ಮೇಲೂ ಹರಡುತ್ತದೆ, ಮುಳ್ಳು ಕೊಕ್ಕೆ ಕೊಕ್ಕೆ. ಮುಳ್ಳಿನ ವಿಷಯದಲ್ಲಿ ನಾನು ಸ್ವಲ್ಪ ಪುಕ್ಕಲ, ಒಪ್ಪುತ್ತೇನೆ. ಒಮ್ಮೆ ಬೆರಳ ಗಂಟಿನಲ್ಲಿ ಮುಳ್ಳಿನ ತುದಿ ಮುರಿದು ಉಳಿದು, ಮೂರು ವಾರ ಕತ್ತಿ ಹಿಡಿಯಲಾಗದೆ ಕೂತಿದ್ದೆ. ಅದಕ್ಕೇ ಹೇಳುವುದು, ಗೇಟಿನ ಪಕ್ಕ, ಬಾವಿಕಟ್ಟೆಯ ಬದಿ, ಮಕ್ಕಳು ಸೈಕಲ್ ಓಡಿಸುವ ದಾರಿ, ಇಲ್ಲೆಲ್ಲ ಯಾವ ಬೋಗನ್‌ವಿಲ್ಲಾವೂ ಬೇಡ. ಅಲ್ಲೇ ಬೇಕೆಂಬ ಹಟ ಇದ್ದರೆ ಟಾರ್ಚ್ ಗ್ಲೋರಿ ಚಟ್ಟಿಯಲ್ಲಿ ಇಡಿ. ನೆಟ್ಟಗೆ ಬೆಳೆಯುತ್ತದೆ, ಗೆಲ್ಲಿನ ತುದಿಗೆ ಹೂ ಒತ್ತೊತ್ತಾಗಿ ಬರುತ್ತದೆ, ಮುಳ್ಳು ಕಡಿಮೆ.

ಹೆಸರುಗಳನ್ನು ಇಷ್ಟು ಹೇಳಿದೆ. ಆದರೆ ನರ್ಸರಿಯ ಚೀಟಿಯನ್ನು ನಂಬಬೇಡಿ. ಇಡೀ ಪ್ರಪಂಚದ ಬೋಗನ್‌ವಿಲ್ಲಾ ತಳಿಗಳ ಹೆಸರು ನೋಂದಾಯಿಸುವ ಹೊಣೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯದ್ದು. ಅಷ್ಟಿದ್ದೂ ಇಲ್ಲಿ ಒಂದೇ ಗಿಡ ಉಪ್ಪಳದಲ್ಲಿ ಒಂದು ಹೆಸರಿಗೆ, ಕಾಸರಗೋಡಿನಲ್ಲಿ ಇನ್ನೊಂದು ಹೆಸರಿಗೆ ಸಿಗುತ್ತದೆ. ಹಾಗಾಗಿ ಹೆಸರು ಬಿಡಿ, ಗಿಡ ನೋಡಿ. ಅದೂ ಜನವರಿಯಲ್ಲಲ್ಲ, ಆಟಿಯಲ್ಲಿ. ಕೊಡೆ ಹಿಡಿದುಕೊಂಡು ನರ್ಸರಿಗೆ ಹೋಗಿ, ಅಕ್ಕಪಕ್ಕದ ಮನೆಗಳ ಪಾಗಾರ ನೋಡಿ. ಆ ಮಳೆಯಲ್ಲೂ ಎಲೆ ಉಳಿಸಿಕೊಂಡು ನಿಂತ ಗಿಡ ಯಾವುದೋ ಅದನ್ನು ಗುರುತಿಟ್ಟು, ದೀಪಾವಳಿ ಕಳೆದ ಮೇಲೆ ನೆಡಿ.

ಹೊರಗಿಂದ ಬಂದ ಗಿಡಗಳ ಚೀಲದಲ್ಲಿ ಹೆಚ್ಚಾಗಿ ಬರೀ ತೆಂಗಿನ ನಾರಿನ ಹುಡಿ ಇರುತ್ತದೆ. ಸಾಗಿಸಲು ಹಗುರ, ನಮ್ಮ ಮಳೆಗೆ ವಿಷ. ನೀರು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಚೀಲ ಸೀಳಿ ಹೊರಗಿನ ಹುಡಿ ಮಾತ್ರ ಮೆಲ್ಲಗೆ ಉದುರಿಸಿ. ಬೇರು ತುಂಬ ಸೂಕ್ಷ್ಮ, ಎಳೆದರೆ ಗಿಡ ಹೋಯಿತು. ಕೆಂಪುಕಲ್ಲಿನ ಹುಡಿ, ಹೊಯಿಗೆ (ಮರಳು) ಸೇರಿದ ಮಣ್ಣಿನಲ್ಲಿ, ನೆಲಕ್ಕಿಂತ ಒಂದು ಗೇಣು ಎತ್ತರಕ್ಕೆ ನೆಡಿ.

ಪ್ರಶ್ನೆ: ಗಿಡ ಹಸುರಾಗಿ ಸೊಂಪಾಗಿದೆ, ಮೂರು ವರ್ಷವಾದರೂ ಹೂವಿಲ್ಲ. ವಾರಕ್ಕೊಮ್ಮೆ ಗೋಬರ್ ಗ್ಯಾಸಿನ ಸ್ಲರಿ ಕೊಡುತ್ತಿದ್ದೇವೆ.

ಉತ್ತರ: ಪ್ರಶ್ನೆಯಲ್ಲೇ ಉತ್ತರ ಬರೆದಿದ್ದೀರಿ. ಸ್ಲರಿ ಅಡಕೆಗೆ ಹಾಕಿ. ಮಳೆ ನಿಂತ ಮೇಲೆ ಒಮ್ಮೆ ಗೆಲ್ಲು ಸವರಿ, ಆಮೇಲೆ ಎಲೆ ಬಾಡುವ ತನಕ ನೀರು ಕೊಡಬೇಡಿ.

ಪ್ರಶ್ನೆ: ಬುಡಕ್ಕೆ ತುಕ್ಕು ಹಿಡಿದ ಮೊಳೆ, ಸಕ್ಕರೆ ನೀರು, ತಲೆನೋವಿನ ಮಾತ್ರೆ ಹಾಕಿದರೆ ಹೂ ಜಾಸ್ತಿ ಬರುತ್ತದೆಂದು ವಿಡಿಯೋದಲ್ಲಿ ನೋಡಿದೆ. ನಿಜವಾ?

ಉತ್ತರ: ಇಲ್ಲ. ಸಕ್ಕರೆಗೆ ಇರುವೆ ಬರುತ್ತದೆ, ಮಾತ್ರೆ ನಿಮಗೇ ಬೇಕಾಗುತ್ತದೆ. ಇಂಥ ವಿಡಿಯೋಗಳಲ್ಲಿ ಕೊನೆಗೆ ತೋರಿಸುವ ಹೂ ತುಂಬಿದ ಗಿಡ, ಮೊದಲು ತೋರಿಸಿದ ಗಿಡವೇನಾ ಎಂದು ಒಮ್ಮೆ ಸರಿಯಾಗಿ ನೋಡಿ.

ಪ್ರಶ್ನೆ: ಮುಳ್ಳಿನ ಗಿಡ ಮನೆಯೆದುರು ಇದ್ದರೆ ದಾರಿದ್ರ್ಯವಂತೆ?

ಉತ್ತರ: ನಾನು ಗಿಡದವನು, ಇದನ್ನು ನನ್ನಲ್ಲಿ ಕೇಳಬೇಡಿ.

ಪ್ರಶ್ನೆ: ಗೆಲ್ಲು ನೆಟ್ಟರೆ ಬರುತ್ತದಾ?

ಉತ್ತರ: ನೇರಳೆ ಗ್ಲಾಬ್ರ ಬರುತ್ತದೆ, ಪೆನ್ಸಿಲಿನಷ್ಟು ದಪ್ಪದ ಬಲಿತ ಗೆಲ್ಲು ತೆಗೆದುಕೊಳ್ಳಿ. ಡಬಲ್ ಮತ್ತು ಬಣ್ಣದೆಲೆಯವು ಸತಾಯಿಸುತ್ತವೆ, ಗಿಡದಲ್ಲಿರುವ ಗೆಲ್ಲಿಗೇ ಬೇರು ಬರಿಸುವ ಗೂಟಿ ಕಟ್ಟುವುದೇ ವಾಸಿ.

ಪ್ರಶ್ನೆ: ಆನ್‌ಲೈನಿನಲ್ಲಿ ನೀಲಿ ಬೋಗನ್‌ವಿಲ್ಲಾದ ಬೀಜ ಸಿಗುತ್ತದೆ. ತರಿಸಬಹುದಾ?

ಉತ್ತರ: ನೀಲಿ ಬೋಗನ್‌ವಿಲ್ಲಾ ಇಲ್ಲ. ದುಡ್ಡು ಕೊಟ್ಟಾಗಿದ್ದರೆ ಬಂದ ಬೀಜವನ್ನು ಒಂದು ಚಟ್ಟಿಯಲ್ಲಿ ಬಿತ್ತಿ. ಕೀರೆ ಬಂತೋ ಮೆಣಸು ಬಂತೋ, ನನಗೂ ತಿಳಿಸಿ.