ಕಡಿಮೆ ಬೆಲೆಯ ಡ್ರಿಪ್ ಕಾಫಿ ಮೇಕರ್ ಕೊಳ್ಳುವಾಗ ಏನು ನೋಡಬೇಕು?

ಟೈಮರ್, ಡಿಸ್‌ಪ್ಲೇ ನೋಡಿ ಮರುಳಾಗಬೇಡಿ. ನೀರು ಎಷ್ಟು ಕಾಯುತ್ತದೆ ಅನ್ನೋದೇ ಮುಖ್ಯ. ಪುಡಿಗೆ ಬೀಳುವ ನೀರು 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಗ್ಗದ ಎಷ್ಟೋ ಮೆಷಿನ್‌ಗಳು ಅಷ್ಟು ಕಾಯುವುದೇ ಇಲ್ಲ. ಆಗ ಕಾಫಿ ಹುಳಿಹುಳಿಯಾಗಿ, ನೀರುನೀರಾಗಿ ಇಳಿಯುತ್ತದೆ.

ಇನ್ನೊಂದು ತೊಂದರೆ ನಾನೇ ಕಂಡಿದ್ದು. ನನ್ನ ಮೆಷಿನ್‌ನಲ್ಲಿ ನೀರು ನಡುವೆ ಮಾತ್ರ ಬಿದ್ದು ಗುಳಿಯಾಗುತ್ತಿತ್ತು, ಅಂಚಿನ ಪುಡಿ ಒಣಗಿಯೇ ಇರುತ್ತಿತ್ತು. ಈಗ ನೀರು ಬೀಳಲು ಶುರುವಾದ ಅರ್ಧ ನಿಮಿಷಕ್ಕೆ ಮುಚ್ಚಳ ತೆಗೆದು (ಹಬೆ ಹುಷಾರು!) ಚಮಚದಿಂದ ಮೆಲ್ಲಗೆ ಒಮ್ಮೆ ಕಲಕುತ್ತೇನೆ. ರುಚಿ ಎಷ್ಟು ಬದಲಾಯಿತು ಅಂದರೆ, ಹೊಸ ಮೆಷಿನ್ ತರುವ ಯೋಚನೆಯನ್ನೇ ಬಿಟ್ಟೆ. ಹಾಗಾಗಿ ಕೊಳ್ಳುವಾಗ ನೀರು ಬೀಳುವ ತೂತುಗಳನ್ನು ನೋಡಿ. ಒಂದಕ್ಕಿಂತ ನಾಲ್ಕಾರು ಇದ್ದರೆ ಒಳ್ಳೆಯದು.

1 ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ ಸಾಕು. ಪುಡಿ ಮರಳಿನಷ್ಟು ತರಿಯಾಗಿರಲಿ. ತೀರಾ ನುಣ್ಣಗಿದ್ದರೆ ಫಿಲ್ಟರ್ ಕಟ್ಟಿಕೊಂಡು ಕಹಿ ಜಾಸ್ತಿಯಾಗುತ್ತದೆ.

ಇಳಿದ ಕಾಫಿಯನ್ನು ಬಿಸಿ ಪ್ಲೇಟ್ ಮೇಲೆ ಸುಮ್ನೆ ಬಿಡಬೇಡಿ, ಸೀದ ರುಚಿ ಬರುತ್ತದೆ. ಫ್ಲಾಸ್ಕ್‌ಗೆ ಬಗ್ಗಿಸಿಡಿ. ನೀರು ಗಡಸಾಗಿದ್ದರೆ ತಿಂಗಳಿಗೊಮ್ಮೆ ವಿನೆಗರ್, ನೀರು ಸಮಸಮ ಬೆರೆಸಿ ಮೆಷಿನ್ ಓಡಿಸಿ. ಆಮೇಲೆ ಬರೀ ನೀರಿನಲ್ಲಿ ಎರಡು ಸಲ.